ಮಲಗುವ ಮುಂಚಿನ ಅರ್ಧ ಗಂಟೆ

ನನ್ನ ಮಗಳು ಎಂ.ಬಿ.ಬಿ.ಎಸ್. ಎರಡನೆಯ ವರ್ಷದಲ್ಲಿ ವಾರ್ಡಿಗೆ ಹೋಗತೊಡಗಿದ ಮೇಲೆ ರಜೆಗೆ ಹೊತ್ತು ತರುವ ಚೀಲ ಭಾರವಾಯಿತು, ಮಾತು ಕಡಮೆಯಾಯಿತು. ಹೈಸ್ಕೂಲಿನಲ್ಲಿದ್ದಾಗ ಊಟದ ತಟ್ಟೆಯ ಮುಂದೂ ಕಾದಂಬರಿ ಹಿಡಿದು ಬೈಸಿಕೊಳ್ಳುತ್ತಿದ್ದವಳು. ಈಗ "ಕತೆ ಓದೋಕೆ ಟೈಮೆಲ್ಲಿದೆ ಅಮ್ಮ?" ಎನ್ನುತ್ತಾಳೆ. ಹಗಲೆಲ್ಲ ವಾರ್ಡು, ಪಾಠ. ರಾತ್ರಿ ಫೋನಿನಲ್ಲಿ ಪಿ.ಜಿ. ಪ್ರವೇಶ ಪರೀಕ್ಷೆಯ ಪ್ರಶ್ನೆಗಳು.

ಈ ಗೋಳು ಇಂದಿನದಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ 1893ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಶುರುವಾದಾಗ ಕೆನಡಾದಲ್ಲಿ ಹುಟ್ಟಿದ ವಿಲಿಯಂ ಆಸ್ಲರ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಆ ದೇಶದಲ್ಲಿ ಅಲ್ಲಿಯವರೆಗೆ ಎಷ್ಟೋ ಮಂದಿ ಬರೀ ಉಪನ್ಯಾಸ ಕೇಳಿಯೇ ಡಾಕ್ಟರಾಗಿಬಿಡುತ್ತಿದ್ದರು. ಆಸ್ಲರ್ ವಿದ್ಯಾರ್ಥಿಗಳನ್ನು ರೋಗಿಯ ಮಂಚದ ಬಳಿಗೇ ಕರೆತಂದರು. ಓದಲು ಅವರೇ 1892ರಲ್ಲಿ ಬರೆದ ದಪ್ಪ ಪಠ್ಯಪುಸ್ತಕವಂತೂ ಇತ್ತು. ಅದು ಸಾಲದೆಂದು ಶನಿವಾರ ಸಂಜೆ ಹುಡುಗರನ್ನು ಮನೆಗೆ ಕರೆದು, ಆ ವಾರದ ರೋಗಿಗಳ ವಿಚಾರ ಮುಗಿಸಿ, ಹಳೆಯ ವೈದ್ಯ ಗ್ರಂಥಕರ್ತರ ಮಾತು ತೆಗೆಯುತ್ತಿದ್ದರು.

1904ರಲ್ಲಿ ಅಚ್ಚಾದ ಅವರ ಭಾಷಣಗಳ ಸಂಕಲನದ ಕೊನೆಗೆ ವೈದ್ಯ ವಿದ್ಯಾರ್ಥಿಯ ಹಾಸಿಗೆಯ ಬದಿಗಿರಬೇಕಾದ ಪುಸ್ತಕಗಳ ಪಟ್ಟಿಯಿದೆ. ಬೈಬಲ್, ಷೇಕ್ಸ್‌ಪಿಯರ್, ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್, ಡಾನ್ ಕ್ವಿಕ್ಸೋಟ್, ಹೀಗೆ ಹತ್ತು. ರೋಗದ ಪುಸ್ತಕ ಒಂದೂ ಇಲ್ಲ. ಮಲಗುವ ಮುಂಚೆ ಅರ್ಧ ಗಂಟೆ ಓದಿದರೆ ಸಾಕೆಂದು ಅವರ ಸಲಹೆ. ಪಟ್ಟಿಯಲ್ಲಿದ್ದ, ವೈದ್ಯ ಥಾಮಸ್ ಬ್ರೌನರ 'ರಿಲಿಜಿಯೋ ಮೆಡಿಸಿ' ಅವರಿಗೆ ಜೀವ. 1919ರಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಯ ಮೇಲೆ ಅದನ್ನೇ ಇಟ್ಟರು.

ನನಗೊಂದು ತಕರಾರಿದೆ. ಆ ಶಾಲೆ ನಡೆಯಲು ಮೇರಿ ಗ್ಯಾರೆಟ್ ಎಂಬಾಕೆ 3 ಲಕ್ಷ ಡಾಲರಿಗೂ ಮೀರಿ ಕೊಟ್ಟಳು, ಹೆಣ್ಣುಮಕ್ಕಳನ್ನೂ ಗಂಡಸರ ಸಮಕ್ಕೆ ಸೇರಿಸಬೇಕೆಂಬ ಷರತ್ತು ಹಾಕಿ. ಮೊದಲ ತಂಡದ ಹದಿನೆಂಟು ಮಂದಿಯಲ್ಲಿ ಮೂವರು ಹುಡುಗಿಯರು. ಆದರೂ ಆಸ್ಲರರ ಪಟ್ಟಿಯಲ್ಲಿ ಹೆಂಗಸು ಬರೆದದ್ದು ಒಂದೂ ಇಲ್ಲವಲ್ಲ! ನಮ್ಮಲ್ಲಾದರೆ ಅನುಪಮಾ ನಿರಂಜನ ಇದ್ದರು, ಸ್ವತಃ ಡಾಕ್ಟರು. ಅವರ 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟ ಓದಿಸಿಯೇ ಇವಳನ್ನು ಮಲಗಿಸುತ್ತಿದ್ದೆ.

ಇದನ್ನೆಲ್ಲ ಮಗಳಿಗೆ ಹೇಳಿದರೆ, "ಪರೀಕ್ಷೆಗೆ ಬರುತ್ತಾ?" ಎಂದು ನಕ್ಕಳು.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನು. ಮೂರು ವಾರ ಅವಳೇ ಕೇಸು ಬರೆದುಕೊಂಡಿದ್ದ ಅಜ್ಜಿ ಆ ಸಂಜೆ ಹೋಗಿಬಿಟ್ಟಿದ್ದರು. ಪ್ರತಿದಿನ "ಉಂಡ್ಯಾ ಮಗಾ?" ಎಂದು ಕೇಳುತ್ತಿದ್ದರಂತೆ. ಮರುದಿನ ಬೆಳಿಗ್ಗೆ ಇವಳಿಗೆ ಪರೀಕ್ಷೆ.

"ಪುಸ್ತಕ ತೆಗೆದರೆ ಏನೂ ಕಾಣ್ತಿಲ್ಲ ಅಮ್ಮ. ನೀನೇ ಏನಾದರೂ ಓದು."

ಏನು ಓದಲಿ? ಕಪಾಟಿನಿಂದ ಆ ತಿಂಗಳ ಸಂಪುಟ ತೆಗೆದೆ, ಬೆನ್ನು ಕಿತ್ತುಹೋಗಿತ್ತು. ಎರಡನೆಯ ಕತೆಯ ನಡುವೆ ಆ ಕಡೆಯಿಂದ ಹೂಂಗುಟ್ಟುವುದು ನಿಂತಿತು.