ಹಾವೇರಿ ಸೀಮೆಯ ಗೋವಿನಜೋಳ ಮತ್ತು ಎಥೆನಾಲ್: ಅಂಕಿಗಳನ್ನು ಓದುವ ಬಗೆ

1. ವ್ಯಾಪ್ತಿ
ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ಕಬ್ಬಿನ ಜೊತೆ ಗೋವಿನಜೋಳವೂ ಈಗ ಕಚ್ಚಾವಸ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲಿ ಇದು ಪ್ರಮುಖ ಮುಂಗಾರು ಬೆಳೆ. ತೈಲದ ಭವಿಷ್ಯವನ್ನು ಊಹಿಸುವುದು ಈ ಟಿಪ್ಪಣಿಯ ಉದ್ದೇಶವಲ್ಲ. ಅಂಕಿಗಳ ಹೋಲಿಕೆ ಎಡವಬಹುದಾದ ಕೆಲವು ಎಡೆಗಳನ್ನಷ್ಟೇ ಗುರುತಿಸಿದೆ.

2. ಹೆಸರು, ಗಡಿ
ಸ್ಥಳೀಯರ ‘ಗೋವಿನಜೋಳ’ ಸರ್ಕಾರಿ ಕೋಷ್ಟಕಗಳಲ್ಲಿ ‘ಮೆಕ್ಕೆಜೋಳ’ ಅಥವಾ ‘ಮುಸುಕಿನ ಜೋಳ’. ಬರಿಯ ‘ಜೋಳ’ ಬೇರೆಯದೇ ಧಾನ್ಯ, ಎರಡನ್ನೂ ಕೂಡಿಸುವಂತಿಲ್ಲ. ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಅಂಕಿಗಳು ಅವಿಭಜಿತ ಧಾರವಾಡದವು.

3. ವರ್ಷ
ಎಥೆನಾಲ್ ಪೂರೈಕೆ ವರ್ಷ ಮೊದಲು ಡಿಸೆಂಬರ್‌ನಿಂದ ನವೆಂಬರ್‌ವರೆಗೆ ಇತ್ತು. 2023ರ ನವೆಂಬರ್ 1ರಿಂದ ಅದು ನವೆಂಬರ್–ಅಕ್ಟೋಬರ್ ಆಯಿತು. ಹೀಗಾಗಿ 2022–23ರ ವರ್ಷಕ್ಕೆ ಹನ್ನೊಂದೇ ತಿಂಗಳು. ಕೃಷಿ ವರ್ಷವೋ ಜುಲೈ–ಜೂನ್. ‘2022–23’ ಎಂಬ ಶೀರ್ಷಿಕೆ ಒಂದೇ ಆದರೂ ಅವಧಿ ಒಂದೇ ಅಲ್ಲ.

4. ‘ಶೇ 20’
2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಇಟ್ಟಿದ್ದ, ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು 2022ರ ತಿದ್ದುಪಡಿ 2025–26ಕ್ಕೆ ತಂದಿತು. ಈ ಶೇ 20 ಗಾತ್ರದ ಲೆಕ್ಕ, ಶಕ್ತಿಯದಲ್ಲ. ಲೀಟರಿಗೆ ಎಥೆನಾಲ್‌ನ ಉಷ್ಣಮೌಲ್ಯ ಸುಮಾರು 21, ಪೆಟ್ರೋಲಿನದು ಸುಮಾರು 32 ಮೆಗಾಜೌಲ್. ಹಾಗಾಗಿ ಮಿಶ್ರಣದ ಶಕ್ತಿಯಲ್ಲಿ ಎಥೆನಾಲ್‌ನ ಪಾಲು ಸುಮಾರು ಶೇ 14. ನೀತಿ ಆಯೋಗದ 2021ರ ಮಾರ್ಗನಕ್ಷೆ ಬಳಸಿದ ಇಳುವರಿ, ಟನ್ ಗೋವಿನಜೋಳಕ್ಕೆ 380 ಲೀಟರ್ ಎಥೆನಾಲ್. ಶಕ್ತಿಯ ಮಟ್ಟಿಗೆ ಇದು ಸುಮಾರು 250 ಲೀಟರ್ ಪೆಟ್ರೋಲಿಗೆ ಸಮ. ಉಳುಮೆಯ ಡೀಸೆಲ್, ಯೂರಿಯಾ, ಬಟ್ಟಿ ಇಳಿಸುವ ಶಾಖ ಇವನ್ನು ಇದರಿಂದ ಕಳೆದಿಲ್ಲ.

5. ಬೆಲೆ
ಗೋವಿನಜೋಳದ ಕನಿಷ್ಠ ಬೆಂಬಲ ಬೆಲೆ 2023–24ರಲ್ಲಿ ಕ್ವಿಂಟಲಿಗೆ ರೂ. 2,090, 2025–26ರಲ್ಲಿ ರೂ. 2,400. ಮೇಲಿನ ಇಳುವರಿಯಂತೆ ಲೀಟರ್ ಎಥೆನಾಲ್‌ಗೆ ಕಾಳಿನ ವೆಚ್ಚವೇ ಕ್ರಮವಾಗಿ ರೂ. 55.00 ಮತ್ತು ರೂ. 63.16. 2023–24ರ ಪೂರೈಕೆ ವರ್ಷದಲ್ಲಿ ಗೋವಿನಜೋಳದ ಎಥೆನಾಲ್‌ನ ಖರೀದಿ ದರ, ಪ್ರೋತ್ಸಾಹಧನ ಸೇರಿ, ಲೀಟರಿಗೆ ರೂ. 71.86. ಇದೇ ದರ ಮುಂದುವರಿದರೆ ಕಾಳಿನ ಬೆಲೆ ಕಳೆದು ಉಳಿಯುವುದು ರೂ. 16.86ರಿಂದ ರೂ. 8.70ಕ್ಕೆ ಇಳಿಯುತ್ತದೆ. ಎಥೆನಾಲ್ ತೆಗೆದ ಮೇಲೆ ಉಳಿಯುವ ಹಿಂಡಿಯ ಮಾರಾಟದ ಆದಾಯ ಇದರಲ್ಲಿ ಸೇರಿಲ್ಲ. ಬೆಂಬಲ ಬೆಲೆ ಪೇಟೆಯ ಬೆಲೆಯೂ ಅಲ್ಲ.

6. ಬ್ಯಾಡಗಿ: ಒಂದು ಅಡಿಟಿಪ್ಪಣಿ
ತೈಲದ ಅವಲಂಬನೆ ವಾಹನದ ಇಂಧನಕ್ಕಷ್ಟೇ ಸೀಮಿತವಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಸಾರ, ಅಂದರೆ ಓಲಿಯೊರೆಸಿನ್, ತೆಗೆಯಲು ಉದ್ಯಮದಲ್ಲಿ ಸಾಮಾನ್ಯವಾಗಿ ಬಳಸುವ ದ್ರಾವಕಗಳಲ್ಲಿ ಹೆಕ್ಸೇನ್ ಒಂದು. ಅದು ಪೆಟ್ರೋಲಿಯಂ ಉತ್ಪನ್ನ. ವಾಹನದ ಇಂಧನ ಬದಲಾದ ಮಾತ್ರಕ್ಕೆ ಈ ಬಗೆಯ ಅವಲಂಬನೆ ಕಡಿಮೆಯಾಗದು.

7. ತಾತ್ಕಾಲಿಕ ನಿಲುವು
ಈ ಸೀಮೆಯ ಗೋವಿನಜೋಳ ತೈಲದ ಆಮದನ್ನು ಒಂದಿಷ್ಟು ತಗ್ಗಿಸುತ್ತಿರಬಹುದು. ಆದರೆ ಅದನ್ನು ಲೀಟರಿನಲ್ಲಿ ಹೇಳಿದಾಗ ಶಕ್ತಿಯಲ್ಲಿ ಹೇಳಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ.