ವಿಷುಯಲ್ ಬೇಸಿಕ್ 6: ಬೆಂಬಲ ನಿಂತ ಮೇಲಿನ ಇತಿಹಾಸ

ಮೈಕ್ರೋಸಾಫ್ಟ್ ಕಂಪನಿ 1991ರಲ್ಲಿ ಹೊರತಂದ ವಿಷುಯಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಸಲಕರಣೆಯ ಹಳೆಯ ಸಾಲಿನಲ್ಲಿ ಕೊನೆಯ ಆವೃತ್ತಿ ವಿಬಿ 6. ಬಿಡುಗಡೆಯಾದದ್ದು 1998ರಲ್ಲಿ. ನಾಲ್ಕೇ ವರ್ಷದಲ್ಲಿ ಅದರ ಜಾಗಕ್ಕೆ ಬಂದ ವಿಬಿ ಡಾಟ್‌ನೆಟ್‌ನಲ್ಲಿ ಹಳೆಯ ಕೋಡ್ ಇದ್ದ ಹಾಗೆಯೇ ಓಡುತ್ತಿರಲಿಲ್ಲ. ಬದುಕಿರುವ ಕಂಪನಿಯೊಂದು ಬಳಕೆಯಲ್ಲಿರುವ ಭಾಷೆಯನ್ನು ಕೈಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಇದರಷ್ಟು ದೀರ್ಘಕಾಲದ ನಿದರ್ಶನ ವಿರಳ.

ಪರದೆಯ ಮೇಲೆ ಫಾರ್ಮ್ ಬಿಡಿಸಿ, ಅದರಲ್ಲೊಂದು ಬಟನ್ ಇಟ್ಟು, ಆ ಬಟನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಬರೆಯುವುದು ವಿಬಿಯ ಕ್ರಮ. ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸಿ, ಸಾಲು ತಿದ್ದಿ, ಅಲ್ಲಿಂದಲೇ ಮುಂದುವರಿಸಬಹುದಿತ್ತು. ಹೀಗಾಗಿ ಕಂಪ್ಯೂಟರ್ ವಿಜ್ಞಾನ ಓದದ ಲೆಕ್ಕಿಗರು, ಎಂಜಿನಿಯರುಗಳು, ವೈದ್ಯರು ಸಹ ತಮ್ಮ ಕಚೇರಿಗೆ ಬೇಕಾದ ತಂತ್ರಾಂಶವನ್ನು ತಾವೇ ಬರೆದುಕೊಂಡರು. ಕರ್ನಾಟಕದ ಹಲವು ಕಾಲೇಜುಗಳ ಬಿಸಿಎ ವಿದ್ಯಾರ್ಥಿಗಳು ಮೊದಲ ವಿಂಡೋಸ್ ಪ್ರೋಗ್ರಾಂ ಬರೆದದ್ದು ವಿಬಿ 6ರಲ್ಲಿಯೇ. ಕಂಪನಿಯ ಬೆಂಬಲ ನಿಂತ ಮೇಲೂ ಅದು ಲ್ಯಾಬ್‌ಗಳಲ್ಲಿ ಉಳಿದಿತ್ತು.

ಡಾಟ್‌ನೆಟ್ ತಂದ ಬದಲಾವಣೆಗಳಲ್ಲಿ ದೊಡ್ಡವಕ್ಕಿಂತ ಚಿಕ್ಕವೇ ಹೆಚ್ಚು ಕಾಡಿದವು. 16 ಬಿಟ್ ಇದ್ದ ಇಂಟಿಜರ್ 32 ಬಿಟ್ ಆಯಿತು. ಫಂಕ್ಷನ್‌ಗೆ ಕೊಡುವ ಮೌಲ್ಯವನ್ನು ಮೂಲದಲ್ಲೇ ತಿದ್ದಬಹುದೇ ಎಂಬುದರ ಪೂರ್ವನಿಯಮ ತಿರುಗುಮುರುಗಾಯಿತು. ಹಳೆಯ ಭಾಷೆಯ ಸೌಲಭ್ಯಗಳಾದ ವೇರಿಯಂಟ್ ಮಾದರಿ, ಕಂಟ್ರೋಲ್ ಅರೇ, ಗೋಸಬ್ ಇಲ್ಲವಾದವು. ಪದಗಳು ಪರಿಚಿತವಾಗಿದ್ದವು, ಅವುಗಳ ನಡವಳಿಕೆ ಬೇರೆಯಾಗಿತ್ತು. ಎಲ್ಲಿ ತಪ್ಪಿದೆ ಎಂದು ಕಣ್ಣಿಗೆ ಕಾಣದೆ ಉತ್ತರ ಮಾತ್ರ ತಪ್ಪುವ ಅಪಾಯ ಇದರಲ್ಲಿತ್ತು. 2001ರಲ್ಲಿ, ಇನ್ನೂ ಬೀಟಾ ಹಂತದಲ್ಲಿದ್ದಾಗಲೇ, ಬಳಕೆದಾರರ ಆಕ್ಷೇಪಕ್ಕೆ ಮಣಿದು ಕಂಪನಿ ಕೆಲವನ್ನು ಹಿಂದಕ್ಕೆ ತೆಗೆದುಕೊಂಡಿತು: 'ಟ್ರೂ' ಎಂಬುದರ ಬೆಲೆ ಮತ್ತೆ -1 ಆಯಿತು, 'ಆಂಡ್', 'ಆರ್' ಹಳೆಯ ಅರ್ಥಕ್ಕೆ ಮರಳಿದವು. ಇಂಥ ಕೆಲವಕ್ಕೇ ಅದು ನಿಂತಿತು.

ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಸಲಕರಣೆಗಳ ಕಟ್ಟಾದ ವಿಷುಯಲ್ ಸ್ಟುಡಿಯೋ ಜೊತೆ ಬಂದ ಅಪ್‌ಗ್ರೇಡ್ ವಿಝಾರ್ಡ್ ಕೋಸ್ಟರೀಕದ ಆರ್ಟಿನ್‌ಸಾಫ್ಟ್ ರೂಪಿಸಿದ್ದು. ಅದು ಹಳೆಯ ಕೋಡನ್ನು ಪರಿವರ್ತಿಸಿ, ತನಗೆ ಬಗೆಹರಿಯದ ಕಡೆಗಳಲ್ಲಿ ಟಿಪ್ಪಣಿ ಬರೆದಿಡುತ್ತಿತ್ತು. ದೊಡ್ಡ ಪ್ರಾಜೆಕ್ಟುಗಳಲ್ಲಿ ಆ ಟಿಪ್ಪಣಿಗಳನ್ನು ಬಗೆಹರಿಸುವುದೇ ಮತ್ತೊಂದು ಪ್ರಾಜೆಕ್ಟು. 2010ರ ಆವೃತ್ತಿಯಲ್ಲಿ ವಿಝಾರ್ಡ್ ಕೂಡ ಇರಲಿಲ್ಲ.

ವಿಬಿ 6ರ ಮುಖ್ಯ ಬೆಂಬಲ 2005ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಅದೇ ತಿಂಗಳು ಮೈಕ್ರೋಸಾಫ್ಟ್‌ನಿಂದಲೇ 'ಎಂವಿಪಿ' ಗೌರವ ಪಡೆದ ನೂರಕ್ಕೂ ಹೆಚ್ಚು ಪರಿಣತರು ಒಂದು ಮನವಿಗೆ ಸಹಿ ಹಾಕಿದರು. ಡಾಟ್‌ನೆಟ್ ಬೇಡ ಎಂದು ಅವರು ಹೇಳಲಿಲ್ಲ. ಹಳೆಯ ವಿಬಿಯನ್ನೂ ವಿಷುಯಲ್ ಸ್ಟುಡಿಯೋದಲ್ಲಿ ಹೊಸದರ ಪಕ್ಕದಲ್ಲೇ ಇಡಿ, ಯಾವಾಗ ದಾಟಬೇಕೆಂದು ಕೋಡ್ ಬರೆದವರು ನಿರ್ಧರಿಸಲಿ ಎಂದರು. ಈ ಬೇಡಿಕೆ ನ್ಯಾಯವಾಗಿತ್ತು. ಒಂದು ಸಂಸ್ಥೆ ಹತ್ತು ವರ್ಷ ಕೂಡಿಸಿದ ಕೋಡಿನಲ್ಲಿ ಅದರ ವ್ಯವಹಾರದ ನಿಯಮಗಳೇ ಅಡಗಿರುತ್ತವೆ, ಬೇರೆಲ್ಲೂ ಬರೆದಿಟ್ಟಿರುವುದಿಲ್ಲ. ಕಂಪನಿ ಒಪ್ಪಲಿಲ್ಲ. ವಿಸ್ತೃತ ಬೆಂಬಲವೂ 2008ರ ಏಪ್ರಿಲ್ 8ಕ್ಕೆ ಕೊನೆಗೊಂಡಿತು. ಆದರೆ ಇದೇ ಭಾಷೆಯ ಹತ್ತಿರದ ರೂಪವಾದ ವಿಬಿಎಯನ್ನು ವಿಂಡೋಸ್‌ನ ಎಕ್ಸೆಲ್, ವರ್ಡ್‌ಗಳಿಂದ ಕಂಪನಿ ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಪ್ರೋಗ್ರಾಮರುಗಳು ಬೇರೆ ಬೇರೆ ದಾರಿ ಹಿಡಿದರು. ಕೆಲವರು ಸಿ ಶಾರ್ಪ್‌ನಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರು. ಹೇಗೂ ಕಲಿಯಬೇಕು, ಹೊಸ ಭಾಷೆಯನ್ನೇ ಕಲಿಯೋಣ ಎಂಬುದು ಅವರ ವಾದ. ಕೆಲವರು ವಿಬಿಯನ್ನು ಹೋಲುವ, ಬೇರೆ ಕಂಪನಿಯ ರಿಯಲ್‌ಬೇಸಿಕ್‌ಗೆ ಹೋದರು. ಇನ್ನು ಕೆಲವರು ತುಂಡುತುಂಡಾಗಿ ದಾಟಿದರು: 2006ರಲ್ಲಿ ಬಂದ ಇಂಟರಾಪ್ ಫಾರ್ಮ್ಸ್ ಟೂಲ್‌ಕಿಟ್ ಬಳಸಿ ಹಳೆಯ ವಿಬಿ ಪ್ರೋಗ್ರಾಂ ಒಳಗೇ ಡಾಟ್‌ನೆಟ್ ಫಾರ್ಮ್ ತೆರೆಯಬಹುದಿತ್ತು. ಅನೇಕರು ಇದ್ದಲ್ಲೇ ಉಳಿದರು. ಅದಕ್ಕೆ ಆಧಾರವೂ ಇತ್ತು. ಕೋಡ್ ಬರೆಯುವ ಸಲಕರಣೆಗೆ ಬೆಂಬಲ ನಿಂತರೂ, ಬರೆದದ್ದನ್ನು ಓಡಿಸುವ ಮೂಲ ರನ್‌ಟೈಮ್ ಕಡತ ವಿಂಡೋಸ್ ಜೊತೆಗೇ ಬರುತ್ತದೆ; ವಿಂಡೋಸ್ 10, 11ರಲ್ಲೂ 32 ಬಿಟ್ ಪ್ರೋಗ್ರಾಂ ಆಗಿ ವಿಬಿ 6 ತಂತ್ರಾಂಶ ಓಡುತ್ತದೆ. ಆದರೆ ಓಡುವುದು ಮತ್ತು ಬೆಳೆಯುವುದು ಬೇರೆ ಬೇರೆ. ಹೊರಗಿನ ಕಂಪನಿಗಳು ಮಾರಿದ, ಓಸಿಎಕ್ಸ್ ಕಂಟ್ರೋಲ್ ಎಂಬ ಸಿದ್ಧ ಬಿಡಿಭಾಗಗಳನ್ನು ನೆಚ್ಚಿದವರಿಗೆ ರನ್‌ಟೈಮ್ ವಿಂಡೋಸ್ ಜೊತೆ ಬರುತ್ತದೆ ಎಂಬ ಆಶ್ವಾಸನೆ ಅನ್ವಯಿಸುತ್ತಿರಲಿಲ್ಲ. 64 ಬಿಟ್ ದಾರಿ ಮೊದಲಿನಿಂದಲೂ ಇರಲಿಲ್ಲ.

ಹೇಳಿದಂತೆ ಕೇಳಿ ವಿಬಿ ಡಾಟ್‌ನೆಟ್‌ಗೆ ದಾಟಿದವರಿಗೂ 2020ರ ಮಾರ್ಚ್‌ನಲ್ಲಿ ಸುದ್ದಿ ಬಂತು: ಅದನ್ನು ಭಾಷೆಯಾಗಿ ಮುಂದೆ ಬೆಳೆಸುವ ಯೋಜನೆ ಇಲ್ಲ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಈ ಸಲ ಇದ್ದ ಕೋಡ್ ಮುರಿಯಲಿಲ್ಲ, ಬೆಂಬಲವೂ ನಿಲ್ಲಲಿಲ್ಲ.

2021ರಿಂದ ವೇಯ್ನ್ ಫಿಲಿಪ್ಸ್ ಸಾರ್ವಜನಿಕವಾಗಿ ಬೆಳೆಸುತ್ತಿರುವ ಟ್ವಿನ್‌ಬೇಸಿಕ್, ಹಳೆಯ ವಿಬಿ 6 ಕೋಡನ್ನು ಹಾಗೆಯೇ ತೆಗೆದುಕೊಂಡು 64 ಬಿಟ್ ಪ್ರೋಗ್ರಾಂ ಸಹ ತಯಾರಿಸುವ ಗುರಿ ಇಟ್ಟುಕೊಂಡಿದೆ. 2005ರ ಮನವಿ ಕೇಳಿದ್ದಕ್ಕೆ ಇದುವರೆಗೆ ಅತಿ ಹತ್ತಿರ ಬಂದ ಪ್ರಯತ್ನ ಇದು. ಆ ಕೆಲಸದ ಹೆಚ್ಚಿನ ಭಾರ ಒಬ್ಬರ ಮೇಲಿದೆ ಎಂಬುದನ್ನು ಅದನ್ನು ಆಯ್ದುಕೊಳ್ಳುವ ಸಂಸ್ಥೆಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.