ಮೇ ತಿಂಗಳಲ್ಲಿ ಪಟ್ಟಣ ನೋಡಿದ್ದು

ನಮ್ಮ ಕಡೆ ಹಳಬರು ಶ್ರೀರಂಗಪಟ್ಟಣವನ್ನು ಬರೀ 'ಪಟ್ಟಣ' ಅಂತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಎಷ್ಟೋ ಮನೆಗಳಿಗೆ ಅದು ಅಸ್ಥಿ ಬಿಡುವ ಜಾಗ. ನಮ್ಮಲ್ಲೂ ಇಬ್ಬರು ಮೊದಲ ಸಲ ಅಲ್ಲಿಗೆ ಹೋಗಿದ್ದು ತಾತನ ಬೂದಿಯ ಮಡಕೆ ಜೊತೆಗೇ. ಊರು ನೋಡಲಿಕ್ಕೆಂದೇ ಯಾರೂ ಹೋಗಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಒಂದು ಭಾನುವಾರ ಹೊರಟೆವು. ಹಾಸನ, ಹೊಳೆನರಸೀಪುರದವರು ಮೈಸೂರು ರೈಲು ಹತ್ತಿದರು. ಅರಕಲಗೂಡಿನ ಗೆಳೆಯ ಬಸ್ಸಿನಲ್ಲಿ ಹೊಳೆನರಸೀಪುರಕ್ಕೆ ಬಂದು ಅದೇ ರೈಲು ಹಿಡಿದ. ಚನ್ನರಾಯಪಟ್ಟಣದವರು ಕೆ.ಆರ್. ಪೇಟೆ ಮೇಲೆ ಬಸ್ಸಿನಲ್ಲಿ ಬಂದು ನಮಗಿಂತ ಮೊದಲೇ ಕೋಟೆ ಬಾಗಿಲಲ್ಲಿ ಎಳನೀರು ಕುಡಿಯುತ್ತಾ ನಿಂತಿದ್ದರು.

ಪಟ್ಟಣ ಒಂದು ದ್ವೀಪ. ಕಾವೇರಿ ಪಶ್ಚಿಮದಲ್ಲಿ ಎರಡಾಗಿ ಒಡೆದು, ಊರನ್ನು ಬಳಸಿ, ಪೂರ್ವದಲ್ಲಿ ಗಂಜಾಂ ದಾಟಿದ ಮೇಲೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಆ ನೀರಿನಲ್ಲಿ ನಮ್ಮ ಪಾಲೂ ಇದೆ. ಕಾವೇರಿ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರ ಹಾದು ಬರುತ್ತಾಳೆ. ಹೊಳೆನರಸೀಪುರದ ಹೇಮಾವತಿ ಕನ್ನಂಬಾಡಿ ಹಿನ್ನೀರಿನಲ್ಲಿ ಅವಳನ್ನು ಸೇರುತ್ತಾಳೆ. ಇನ್ನು ಚನ್ನರಾಯಪಟ್ಟಣಕ್ಕೆ ಆ ಹೆಸರು ಬಂದಿದ್ದು ಹೊಳೆನರಸೀಪುರದ ಪಾಳೇಗಾರ ಲಕ್ಷ್ಮಪ್ಪ ನಾಯಕನ ಮಗ ಚನ್ನರಾಯನಿಂದ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ತೆಗೆದುಕೊಂಡ ಮೇಲೆ ಈ ಪಾಳೇಪಟ್ಟುಗಳೆಲ್ಲ ಒಂದೊಂದಾಗಿ ಮೈಸೂರಿನವರ ಕೈಗೆ ಹೋದವು. ಅಂದರೆ ನಮ್ಮ ಹೊಳೆಯ ನೀರೂ ನಮ್ಮ ರೈತರ ಕಂದಾಯವೂ ಹರಿದು ಸೇರುತ್ತಿದ್ದ ಊರು ಇದು.

ಬೆಳಿಗ್ಗೆ ರಂಗನಾಥಸ್ವಾಮಿ ದೇವಸ್ಥಾನ, 1787ರ ಜಾಮಿಯಾ ಮಸೀದಿಯ ಜೋಡಿ ಮಿನಾರು, ಕರ್ನಲ್ ಬೈಲಿ ಸೆರೆಮನೆ, ಎಲ್ಲ ಬೇಗ ಬೇಗ ಮುಗಿಯಿತು. ಹನ್ನೆರಡೂವರೆಗೆ ಪಶ್ಚಿಮದ ಕೋಟೆಗೋಡೆ ಹತ್ತಿರ ಬಂದೆವು. 1799ರ ಮೇ 4ರಂದು ಇಂಗ್ಲಿಷರು ಒಡೆದು ನುಗ್ಗಿದ ಜಾಗ ಅದು. ಅಲ್ಲೊಂದು ಸ್ಮಾರಕ ಕಂಬವಿದೆ, ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ್ದು. ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು ಅದರಲ್ಲಿವೆ. ಗೋಡೆಯ ಒಳಗೆ ನಿಂತು ಸತ್ತ ಸಾವಿರಾರು ಜನರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಗೈಡ್ ಒಬ್ಬರು ಮೀರ್ ಸಾದಿಕನ ಕಥೆ ಹೇಳಿದರು. ಸಂಬಳ ಕೊಡುವ ನೆಪದಲ್ಲಿ ಕಾವಲಿನ ಸೈನಿಕರನ್ನು ಅವನು ಒಳಗೆ ಕರೆಸಿಕೊಂಡ ಎಂಬ ಕಥೆ. ಕಥೆ ಚೆನ್ನಾಗಿದೆ, ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಗೋಡೆಯಿಂದ ಕೆಳಗೆ ನೋಡಿದರೆ ಇನ್ನೊಂದು ಕಾರಣ ಕಣ್ಣೆದುರಿಗೇ ಬಿದ್ದಿತ್ತು. ಹೊಳೆಯಲ್ಲಿ ನೀರಿರಲಿಲ್ಲ. ಬಂಡೆ, ಮರಳು, ನಡುವೆ ಅಲ್ಲಲ್ಲಿ ಮಡು. ಹುಡುಗರು ಚಪ್ಪಲಿ ಕೈಯಲ್ಲಿ ಹಿಡಿದು ಆಚೆ ದಡಕ್ಕೆ ನಡೆದು ಹೋಗುತ್ತಿದ್ದರು.

ಇದನ್ನು 1791ರ ಜೊತೆ ಇಟ್ಟು ನೋಡಬೇಕು. ಆ ವರ್ಷವೂ ಮೇ ತಿಂಗಳಲ್ಲೇ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಂದಿಗೆ ಪಟ್ಟಣದ ಹತ್ತಿರ ಬಂದಿದ್ದ. ಅರಕೆರೆ ಬಳಿ ಕಾವೇರಿ ತುಂಬಿ ಹರಿಯುತ್ತಿದ್ದಳು, ದಾಟಲಾಗಲಿಲ್ಲ. ಕಾದಾಟದಲ್ಲಿ ಗೆದ್ದೂ ಅವನಿಗೆ ಉಪಯೋಗವಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದಿನಸಿ ಮುಗಿಯಿತು. ಮೇಲಕ್ಕೆ ಕನ್ನಂಬಾಡಿವರೆಗೆ ಹೋಗಿ, ಎಳೆಯಲಾಗದ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂತಿರುಗಿದ. ಮುಂದಿನ ಸಲ ಅವನು ಬಂದಿದ್ದು 1792ರ ಫೆಬ್ರವರಿಯಲ್ಲಿ, ಮಳೆಗಾಲಕ್ಕೆ ಬಹಳ ಮೊದಲು. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು.

1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲಿ ಬಂದು ಪಶ್ಚಿಮಕ್ಕೆ ಬಿಡಾರ ಹೂಡಿದ. ಅವನ ಸೈನ್ಯದಲ್ಲೂ ಅಕ್ಕಿ ಮುಗಿಯುತ್ತಾ ಬಂದಿತ್ತು. ಮಳೆ ಬಂದರೆ ಅವನ ಕಥೆ ಮುಗಿಯಿತು, ಬರದಿದ್ದರೆ ಟಿಪ್ಪುವಿನ ಕಥೆ. ಆ ವರ್ಷ ಮೇ ಮೊದಲ ವಾರವಾದರೂ ಹೊಳೆ ಏರಲಿಲ್ಲ. ನಾಲ್ಕನೇ ತಾರೀಖು ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಿಸಿಲಿಗೆ ಕಾವಲಿನವರು ನೆರಳು ಹುಡುಕುವ ಹೊತ್ತಿಗೆ, ಡೇವಿಡ್ ಬೇರ್ಡ್ ಕತ್ತಿ ಹಿರಿದು ಹೊರಟ. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದು ಇದೇ ಊರಿನ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೊಳೆತವನು ಅವನು. ನೀರು ಎಲ್ಲೋ ಕಣಕಾಲುದ್ದ, ಎಲ್ಲೋ ಸೊಂಟದುದ್ದ. ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲಿದ್ದರು. ಪಡೆಯನ್ನು ಗಟ್ಟಿಯಾಗಿ ಹಿಡಿದಿದ್ದ ಸೈಯದ್ ಗಫಾರ್ ಅದಕ್ಕೆ ಸ್ವಲ್ಪ ಮೊದಲೇ ತೋಪಿನ ಗುಂಡಿಗೆ ಸತ್ತಿದ್ದ.

ನಮ್ಮಲ್ಲೊಬ್ಬನಿಗೆ ಮಾಲ್ಟಾ ದ್ವೀಪದ ಪ್ರವಾಸದ ವಿಡಿಯೋ ನೋಡುವ ಚಟ. ಅಲ್ಲಿನ ಕೋಟೆ ಊರು ವ್ಯಾಲೆಟ್ಟಾ ಇದೇ ಥರ ಇದೆ ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ನಕ್ಕೆವು, ಆದರೆ ನಂಟು ನಿಜವಾಗಿಯೂ ಇದೆ. 1798ರ ಜೂನ್‌ನಲ್ಲಿ ನೆಪೋಲಿಯನ್ ಮಾಲ್ಟಾವನ್ನು ಹಿಡಿದು ಅಲ್ಲಿಂದ ಈಜಿಪ್ಟಿಗೆ ಹೋದ. ಮುಂದಿನ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ಪತ್ರ ಇಂಗ್ಲಿಷರ ಕೈಗೆ ಸಿಕ್ಕಿತು. ಅವನ ಹಡಗುಗಳನ್ನು ಆಗಸ್ಟಿನಲ್ಲೇ ನೆಲ್ಸನ್ ಸುಟ್ಟಾಗಿತ್ತು, ಆದ್ದರಿಂದ ಪಟ್ಟಣಕ್ಕೆ ಬರುವ ನೆರವೇನೂ ಇರಲಿಲ್ಲ. ಆದರೂ ಆ ಭಯವೇ ಮುತ್ತಿಗೆಗೆ ನೆಪವಾಯಿತು.

ಊಟದ ಹೊತ್ತಿಗೆ ನಮ್ಮಲ್ಲೇ ಜಗಳ ಬಂತು. ಟಿಪ್ಪು ಹೆಸರೆತ್ತಿದರೆ ನಮ್ಮ ಊರುಗಳಲ್ಲೂ ಹೀಗೇ. ಒಬ್ಬಳು ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇಂದಿಗೂ ದೀಪಾವಳಿ ಇಲ್ಲ ಅಂದಳು. ಇನ್ನೊಬ್ಬ ರಂಗನಾಥನ ಗುಡಿಗೆ ಅವನು ಕೊಟ್ಟ ಬೆಳ್ಳಿ ಪಾತ್ರೆಗಳ ಮಾತೆತ್ತಿದ. ಎರಡೂ ನಿಜವೇ. ಮುದ್ದೆ ಮುಗಿದರೂ ವಾದ ಮುಗಿಯಲಿಲ್ಲ, ಈ ಬರಹದಲ್ಲೂ ಮುಗಿಸುವ ಉದ್ದೇಶ ನಮಗಿಲ್ಲ.

ಮಧ್ಯಾಹ್ನದ ಮೇಲೆ ದರಿಯಾ ದೌಲತ್. 1784ರ ತೇಗದ ಅರಮನೆ, ಗೋಡೆ ತುಂಬ ಪೊಳ್ಳಿಲೂರಿನ ಯುದ್ಧ. ಅದು ಉಳಿದಿದೆ, ಕೋಟೆಯೊಳಗಿನ ಲಾಲ್ ಮಹಲ್ ಉಳಿದಿಲ್ಲ. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋದವು. ಜನರೂ ಹಾಗೇ ಹೋದರು. ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬಹುದೆಂದು 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟ ತಾಳಲಾರದೆ ಇಂಗ್ಲಿಷ್ ದಂಡೂ ಬೆಂಗಳೂರಿಗೆ ಎದ್ದು ಹೋಯಿತು. ಗುಂಬಜ್‌ನ ಕಪ್ಪು ಕಂಬಗಳ ನೆರಳಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಬಿಟ್ಟರೆ ಆ ದಿನ ನಮಗೆ ತಂಪು ಎಲ್ಲೂ ಸಿಗಲಿಲ್ಲ.

ಸಂಜೆ ಸಂಗಮಕ್ಕೆ ಬಂದೆವು. ಯಾರೋ ತಲೆ ಬೋಳಿಸಿಕೊಂಡು ಪಿಂಡ ಇಡುತ್ತಿದ್ದರು. ತಾತನನ್ನು ಇಲ್ಲಿ ಬಿಟ್ಟಿದ್ದ ಇಬ್ಬರೂ ಮಾತಾಡದೆ ನೀರಿಗಿಳಿದು ಮುಖ ತೊಳೆದುಕೊಂಡರು. ಈಗ ಹೊಳೆ ಏರುವುದೂ ಇಳಿಯುವುದೂ ಬರೀ ಮಳೆಯಿಂದಲ್ಲ. ಮೇಲೆ ಗೊರೂರಿನ ಅಣೆಕಟ್ಟು, ಕನ್ನಂಬಾಡಿ ಕಟ್ಟೆ, ಗೇಟಿನ ಲೆಕ್ಕ. ದಡದಲ್ಲಿ ಹರಿಗೋಲುಗಳು ಬೋರಲು ಬಿದ್ದಿದ್ದವು. ಒಂದರ ಪಕ್ಕ ಕೂತಿದ್ದ ಅಣ್ಣ ಬೀಡಿ ಆರಿಸಿ ಕೇಳಿದರು.

"ಯಾವೂರ್ರಪ್ಪ?"

"ಹೊಳೆನರಸೀಪುರ ಕಣಣ್ಣ. ಇವನು ಅರಕಲಗೂಡು."

"ಮ್ಯಾಲಿನೋರು ಅನ್ನಿ. ನಿಮ್ ಕಡೆ ಮಳೆ ಆಯ್ತಾ?"

ಇಲ್ಲ ಅಂದೆವು.